ಮರುಭೂಮಿಯ ಮರಿಗೆ ಒದ್ದೆ ಬಿಲ

ಸಲ್ಕಾಟಾ ಎಂಬ ಆಫ್ರಿಕದ ನೆಲದಾಮೆ ಮೊಟ್ಟೆಯಿಂದ ಹೊರಬಂದಾಗ ಸುಮಾರು 5 ಸೆಂಟಿಮೀಟರ್ ಉದ್ದ, 40 ಗ್ರಾಂ ತೂಕ. ಅಂಗೈಯಲ್ಲಿ ಇಟ್ಟುಕೊಂಡರೆ ಇನ್ನೂ ಜಾಗ ಉಳಿಯುತ್ತದೆ. ಅದೇ ಮರಿ ಬೆಳೆದು ಅರ್ಧ ಮೀಟರ್ ಉದ್ದವಾಗುವ ಹೊತ್ತಿಗೆ ತೂಕ 40 ಕಿಲೋ ಆಸುಪಾಸಿಗೆ ಬಂದಿರುತ್ತದೆ. ಉದ್ದ 10 ಪಟ್ಟು, ತೂಕ 1000 ಪಟ್ಟು. ಹೈಸ್ಕೂಲಿನಲ್ಲಿ ಘನಫಲದ ಲೆಕ್ಕ ಮಾಡಿದವರಿಗೆ ಇದು ಹೊಸದಲ್ಲ. ಗಮನಿಸಬೇಕಾದದ್ದು ಮೈಯ ಹೊರಮೈ. ಅದು ಬೆಳೆದದ್ದು 100 ಪಟ್ಟು ಮಾತ್ರ. ಅಂದರೆ ಮರಿಯ ಒಂದೊಂದು ಗ್ರಾಂ ದೇಹಕ್ಕೂ ದೊಡ್ಡ ಆಮೆಗಿಂತ 10 ಪಟ್ಟು ಹೆಚ್ಚು ಹೊರಮೈ ಗಾಳಿಗೆ ತೆರೆದುಕೊಂಡಿದೆ. ಬಿಸಿಯಾಗುವುದು, ತಣ್ಣಗಾಗುವುದು, ಒಣಗುವುದು ಎಲ್ಲವೂ ಅದಕ್ಕೆ ಬಲುಬೇಗ. ದೊಡ್ಡ ಆಮೆ ಲೆಕ್ಕಕ್ಕೇ ತೆಗೆದುಕೊಳ್ಳದ ಒಂದು ಒಣ ಮಧ್ಯಾಹ್ನ ಮರಿಯ ಪಾಲಿಗೆ ಅಪಾಯದ ಸಂಗತಿ.

ಆಮೆಮರಿಯನ್ನು ಹೊಸದಾಗಿ ಮನೆಗೆ ತಂದವರು ಮಾಡುವ ಹೆಚ್ಚಿನ ಎಡವಟ್ಟುಗಳು ಈ ಒಂದು ಲೆಕ್ಕವನ್ನು ಮರೆತದ್ದರಿಂದ ಆಗುತ್ತವೆ. ಮರಿಯೆಂದರೆ ಚಿಕ್ಕ ಅಳತೆಯ ದೊಡ್ಡ ಆಮೆ ಎಂದು ಅವರು ತಿಳಿಯುತ್ತಾರೆ. ಅದು ಬದುಕುವ ರೀತಿಯೇ ಬೇರೆ.

ಇಲ್ಲೊಂದು ಮಾತು ಹೇಳಿ ಮುಂದೆ ಹೋಗಬೇಕು. ಭಾರತದಲ್ಲಿ ನಮ್ಮ ನಕ್ಷತ್ರ ಆಮೆಯನ್ನಾಗಲಿ, ರಕ್ಷಿತ ಪಟ್ಟಿಯಲ್ಲಿರುವ ಇತರ ಸ್ವದೇಶಿ ಆಮೆಗಳನ್ನಾಗಲಿ ಮನೆಯಲ್ಲಿ ಸಾಕುವುದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಆದ್ದರಿಂದ ಈ ಅಧ್ಯಾಯದ ಮರಿ ಇರುವುದು ಅಮೆರಿಕದಲ್ಲಿ. ಅರಿಜೋನಾ, ಕ್ಯಾಲಿಫೋರ್ನಿಯಾ, ಟೆಕ್ಸಸ್ ಕಡೆ ಸಲ್ಕಾಟಾ ಸಾಕುವುದು ಮೊಲ ಸಾಕುವಷ್ಟೇ ಮಾಮೂಲು. ನಮ್ಮ ನಕ್ಷತ್ರ ಆಮೆಯ ಕತೆ ಕೊನೆಯಲ್ಲಿ ಬರುತ್ತದೆ.

ಸಲ್ಕಾಟಾದ ತವರು ಸಹಾರಾ ಮರುಭೂಮಿಯ ದಕ್ಷಿಣದ ಅಂಚು; ಪಶ್ಚಿಮದ ಸೆನೆಗಲ್‌ನಿಂದ ಪೂರ್ವದ ಇಥಿಯೋಪಿಯದವರೆಗೆ ಹಬ್ಬಿರುವ ಸಹೇಲ್ ಎಂಬ ಒಣ ಹುಲ್ಲುಗಾವಲು. ಭೂಖಂಡಗಳ ಮೇಲೆ ಬದುಕುವ ನೆಲದಾಮೆಗಳಲ್ಲಿ ಇದೇ ದೊಡ್ಡದು. ಗಲಾಪಗೋಸ್ ಮತ್ತು ಅಲ್ದಾಬ್ರಾ ದ್ವೀಪಗಳ ದೈತ್ಯ ಆಮೆಗಳು ಮಾತ್ರ ಇದನ್ನು ಮೀರಿಸುತ್ತವೆ. ತವರಿನಲ್ಲಿ ಇದರ ಸಂತತಿ ಕ್ಷೀಣಿಸಿದೆ. ಸೆನೆಗಲ್ ರಾಜಧಾನಿ ಡಾಕಾರ್ ಸಮೀಪದ ನೋಫ್ಲಾಯ್ ಎಂಬಲ್ಲಿ ತೋಮಾಸ್ ದ್ಯಾನ್ ಎಂಬ ಜೀವವಿಜ್ಞಾನಿ ಕಟ್ಟಿದ ‘ಆಮೆಗಳ ಹಳ್ಳಿ’ಯಲ್ಲಿ ಮರಿಗಳನ್ನು ಬೆಳೆಸಿ ಫೆರ್ಲೋ ಪ್ರದೇಶದ ಕಾಡಿಗೆ ಬಿಡುವ ಕೆಲಸ ನಡೆದಿದೆ. ಅಟ್ಲಾಂಟಿಕ್ ಸಾಗರದ ಆಚೆ ಕಡೆ ಪರಿಸ್ಥಿತಿ ತದ್ವಿರುದ್ಧ. ಒಂದು ಹೆಣ್ಣು ಸಲ್ಕಾಟಾ ಒಂದೊಂದು ಸಲಕ್ಕೆ 15ರಿಂದ 30 ಮೊಟ್ಟೆ ಇಡುತ್ತದೆ, ವರ್ಷಕ್ಕೆ ಹಲವು ಸಲ ಇಡುತ್ತದೆ. ಅಮೆರಿಕದ ಹಿತ್ತಲುಗಳಲ್ಲಿ ಇವು ಎಷ್ಟು ಹೆಚ್ಚಿದವೆಂದರೆ, ದನಗಳಿಗೆ ಮಾರಕವಾದ ಒಂದು ರೋಗವನ್ನು ಹರಡುವ ಉಣ್ಣೆಗಳು ಬರುತ್ತವೆಂದು 2000ದಲ್ಲಿ ಸರ್ಕಾರ ಆಮದು ನಿಲ್ಲಿಸಿದಾಗಲೂ ಪೇಟೆಯಲ್ಲಿ ಮರಿಗಳಿಗೆ ಕೊರತೆಯಾಗಲಿಲ್ಲ.

ಸಹಾರಾ ಎಂದ ಕೂಡಲೇ ಮರಳು, ಬಿಸಿಲು ಕಣ್ಣಿಗೆ ಬರುತ್ತದೆ. ದಶಕಗಳ ಕಾಲ ಆಮೆ ಸಾಕುವವರ ಕೈಪಿಡಿಗಳು ಇದೇ ಚಿತ್ರವನ್ನು ನಂಬಿದ್ದವು. ಗಾಜಿನ ತೊಟ್ಟಿ, ಅದರ ತಳಕ್ಕೆ ಒಣ ಮರಳು ಅಥವಾ ಒಣಹುಲ್ಲಿನ ಉಂಡೆಗಳು, ಮೇಲೊಂದು ಬಿಸಿ ದೀಪ. ನೀರಿನ ಬಟ್ಟಲನ್ನೂ ಕೆಲವರು ಇಡುತ್ತಿರಲಿಲ್ಲ. ಮರುಭೂಮಿಯ ಪ್ರಾಣಿಗೆ ತೇವ ತಗುಲಿದರೆ ನೆಗಡಿಯಾಗುತ್ತದೆಂಬ ಭಯ. ಹೀಗೆ ಬೆಳೆದ ಮರಿಗಳ ಬೆನ್ನು ಎರಡನೇ ವರ್ಷಕ್ಕಾಗಲೇ ವಿಕಾರವಾಗುತ್ತಿತ್ತು. ನಯವಾದ ಗುಮ್ಮಟದಂತೆ ಇರಬೇಕಾದ ಚಿಪ್ಪಿನ ಮೇಲೆ ಒಂದೊಂದು ಫಲಕವೂ ಪ್ರತ್ಯೇಕ ಗೋಪುರವಾಗಿ ಏಳುತ್ತಿತ್ತು. ಸಾಕುವವರ ಬಾಯಲ್ಲಿ ಇದಕ್ಕೆ ಪಿರಮಿಡಿಂಗ್ ಎಂದೇ ಹೆಸರು.

ಕಾರಣ ಹುಡುಕಹೊರಟವರು ಊಟದ ಮೇಲೆ ಕಣ್ಣು ಹಾಕಿದರು. ಪ್ರೋಟೀನ್ ಜಾಸ್ತಿಯಾಯಿತು, ಬೇಗ ಬೇಗ ಬೆಳೆಯಿತು, ಅದಕ್ಕೇ ಹೀಗಾಯಿತು ಎಂಬ ವಿವರಣೆ ಪುಸ್ತಕದಿಂದ ಪುಸ್ತಕಕ್ಕೆ ಹರಿಯಿತು. ಪರಿಣಾಮವಾಗಿ ಎಷ್ಟೋ ಮರಿಗಳು ಅರೆಹೊಟ್ಟೆಯಲ್ಲಿ ಬೆಳೆದವು. ಆದರೂ ಬೆನ್ನು ಗೋಪುರವಾಗುವುದು ನಿಲ್ಲಲಿಲ್ಲ.

ವಿಯೆನ್ನಾದ ಪಶುವೈದ್ಯ ವಿಶ್ವವಿದ್ಯಾಲಯದ ವೀಸ್ನರ್ ಮತ್ತು ಇಬೆನ್ ಎಂಬ ಇಬ್ಬರು ಸಂಶೋಧಕರು 2003ರಲ್ಲಿ ಪ್ರಕಟಿಸಿದ ಪ್ರಯೋಗ ಈ ವಾದವನ್ನು ಒರೆಗೆ ಹಚ್ಚಿತು. ಸಲ್ಕಾಟಾ ಮರಿಗಳನ್ನು ಐದು ಗುಂಪು ಮಾಡಿ 5 ತಿಂಗಳು ಬೆಳೆಸಿದರು. ಕೆಲವು ಗುಂಪುಗಳಿಗೆ ಗಾಳಿಯ ತೇವಾಂಶ ಕಡಿಮೆಯಿರುವ ಒಣ ಮನೆ, ಕೆಲವಕ್ಕೆ ತೇವಾಂಶ ಶೇ. ನೂರರ ಹತ್ತಿರ ಮುಟ್ಟುವ ಒದ್ದೆ ಮನೆ. ಊಟದಲ್ಲೂ ಪ್ರೋಟೀನ್ ಪ್ರಮಾಣ ಬೇರೆಬೇರೆ. ಕೊನೆಯಲ್ಲಿ ಗೂನುಗಳ ಎತ್ತರ ಅಳೆದು ನೋಡಿದರೆ ಒಣ ಮನೆಯಲ್ಲಿ ಬೆಳೆದವುಗಳ ಬೆನ್ನೇ ಹೆಚ್ಚು ಎದ್ದಿತ್ತು. ಪ್ರೋಟೀನ್ ಹೆಚ್ಚು ತಿಂದದ್ದರಿಂದ ಆದ ವ್ಯತ್ಯಾಸ ಅಲ್ಪಸ್ವಲ್ಪ. ಅಷ್ಟು ವರ್ಷ ಗುಮಾನಿಗೆ ಒಳಗಾಗಿದ್ದ ಪ್ರೋಟೀನ್ ಪೂರ್ತಿಯಾಗಿ ಖುಲಾಸೆಯಾಗಲಿಲ್ಲ, ಆದರೆ ಮೊದಲ ಆರೋಪಿಯಾಗಿ ಒಣ ಗಾಳಿ ಬಂದು ನಿಂತಿತು.

ಚಿಪ್ಪು ಬೆಳೆಯುವ ಬಗೆ ನೋಡಿದರೆ ಇದು ಅರ್ಥವಾಗುತ್ತದೆ. ಆಮೆಯ ಚಿಪ್ಪಿನಲ್ಲಿ ಎರಡು ಪದರ. ಒಳಗಿನದು ಮೂಳೆ, ಪಕ್ಕೆಲುಬು, ಬೆನ್ನುಮೂಳೆಗಳೇ ಅಗಲಗೊಂಡು ಬೆಸೆದು ಆದದ್ದು. ಹೊರಗಿನದು ಕೆರಾಟಿನ್, ಅಂದರೆ ನಮ್ಮ ಉಗುರಿನದೇ ವಸ್ತು. ಬೆನ್ನ ಮೇಲೆ ನಡುಸಾಲಿನಲ್ಲಿ ಐದು, ಅಕ್ಕಪಕ್ಕ ನಾಲ್ಕು ನಾಲ್ಕು, ಹೀಗೆ 13 ದೊಡ್ಡ ಫಲಕಗಳು. ಸುತ್ತ ಅಂಚಿಗೆ ಚಿಕ್ಕವು. ಮರಿ ಬೆಳೆದಂತೆ ಹೊಸ ಕೆರಾಟಿನ್ ಪ್ರತಿ ಫಲಕದ ಅಂಚಿನಲ್ಲಿ ಕೂಡಿಕೊಳ್ಳುತ್ತದೆ. ಎರಡು ಫಲಕಗಳ ನಡುವಿನ ಸಂದಿನಲ್ಲಿ ಕಾಣುವ ಬಿಳಿಗೆರೆ ಇದೇ. ಈ ಎಳೆಯ ಅಂಚು ಮೆತ್ತಗಿದ್ದರೆ ಪಕ್ಕಕ್ಕೆ ಹರಡುತ್ತದೆ, ಬೆನ್ನು ಗುಮ್ಮಟವಾಗುತ್ತದೆ. ಒಣ ಗಾಳಿಯಲ್ಲಿ ಅದು ಬಂದ ಬಂದಂತೆ ಬಿರುಸಾಗಿ ಸೆಟೆದು ಕೆಳಮುಖವಾಗಿ ಬಾಗುತ್ತದೆ, ನಡುಭಾಗ ಮೇಲೇಳುತ್ತದೆ. ಎಳೆ ಮೂಳೆಯೂ ಅದೇ ಆಕಾರಕ್ಕೆ ಒಗ್ಗಿಕೊಳ್ಳುತ್ತದೆ. ಒಮ್ಮೆ ಎದ್ದ ಗೋಪುರ ಮತ್ತೆ ಇಳಿಯುವುದಿಲ್ಲ. ಮುಂದೆ ಒಳ್ಳೆಯ ಆರೈಕೆ ಸಿಕ್ಕರೆ ಸುತ್ತಲಿನ ಹೊಸ ಬೆಳವಣಿಗೆ ನಯವಾಗಿ ಬಂದೀತು, ಅಷ್ಟೆ.

ಹಾಗಾದರೆ ಮರುಭೂಮಿಯ ಅಂಚಿನಲ್ಲಿ ಹುಟ್ಟುವ ಮರಿಗಳ ಬೆನ್ನು ನಯವಾಗಿರುವುದು ಹೇಗೆ? ಅವು ನಾವು ಊಹಿಸಿದ ಮರುಭೂಮಿಯಲ್ಲಿ ಇರುವುದೇ ಇಲ್ಲ. ದಿನದ ಬಹುಪಾಲು ಅವು ಹುಲ್ಲಿನ ಬುಡದಲ್ಲೋ ದೊಡ್ಡ ಆಮೆ ತೋಡಿದ ಬಿಲದಲ್ಲೋ ಅಡಗಿರುತ್ತವೆ. ನೆಲದೊಳಗೆ ಒಂದೆರಡು ಮೀಟರ್ ಇಳಿದರೆ ಮಣ್ಣು ತಂಪು, ಗಾಳಿ ತೇವ. ಮೇಲೆ ಕಾಣುವ ಭೂಮಿಗೂ ಮರಿಯ ಮೈ ತಾಕುವ ಗಾಳಿಗೂ ಸಂಬಂಧವಿಲ್ಲ. ಹವಾಮಾನ ಇಲಾಖೆಯ ಅಂಕಿಅಂಶ ನೋಡಿ ಆಮೆಮರಿಗೆ ಮನೆ ಕಟ್ಟುವವರು ತಪ್ಪುವುದು ಇಲ್ಲಿಯೇ. ಬಿಲದೊಳಗಿನ ಹವಾಮಾನ ಯಾವ ನಕ್ಷೆಯಲ್ಲೂ ಇರುವುದಿಲ್ಲ.

ಈಗಿನ ಅನುಭವಿ ಸಾಕಣೆದಾರರು ಆ ಬಿಲವನ್ನೇ ಮನೆಯೊಳಗೆ ಮರುನಿರ್ಮಿಸುತ್ತಾರೆ. ಮೇಲ್ಭಾಗ ಮುಚ್ಚಿದ ದೊಡ್ಡ ಪೆಟ್ಟಿಗೆ. ತಳಕ್ಕೆ ಒಂದು ಗೇಣು ದಪ್ಪಕ್ಕೆ ನೀರು ಹೀರಿ ಹಿಡಿದಿಟ್ಟುಕೊಳ್ಳುವ ಹಾಸು. ಈ ಹಾಸಿಗೆ ಹೆಚ್ಚು ಬಳಕೆಯಾಗುವುದು ತೆಂಗಿನ ನಾರಿನ ಪುಡಿ, ಅಂದರೆ ನಮ್ಮ ನರ್ಸರಿಗಳ ಕೋಕೋಪೀಟ್. ದಕ್ಷಿಣ ಭಾರತ, ಶ್ರೀಲಂಕಾಗಳ ತೆಂಗಿನ ಸಿಪ್ಪೆ ಇಟ್ಟಿಗೆಯಾಗಿ ಹಡಗೇರಿ ಅರಿಜೋನಾದ ಆಮೆಮರಿಗೆ ಹಾಸಿಗೆಯಾಗುತ್ತದೆ. ಒಂದು ಬದಿಯಲ್ಲಿ 35ರಿಂದ 38 ಡಿಗ್ರಿ ಇರುವ ಬಿಸಿ ಜಾಗ, ಇನ್ನೊಂದು ಬದಿಯಲ್ಲಿ 27 ಡಿಗ್ರಿಯಷ್ಟು ತಂಪು, ಮೂಲೆಯಲ್ಲಿ ಕತ್ತಲೆಯ ಗೂಡು. ತೇವಾಂಶ ಶೇ. 80ರ ಆಸುಪಾಸು. ರಾತ್ರಿಯೂ 26 ಡಿಗ್ರಿಗಿಂತ ಕೆಳಗಿಳಿಯಬಾರದು. ಒದ್ದೆಯ ಜೊತೆ ಚಳಿ ಸೇರಿದರೆ ಹಳೆಯ ಕೈಪಿಡಿಗಳ ಭಯ ನಿಜವಾಗುತ್ತದೆ. ಆಮೆಗೆ ನಮ್ಮಂತೆ ವಪೆ ಇಲ್ಲ, ಕೆಮ್ಮಿ ಕಫ ಹೊರಹಾಕಲು ಆಗದು. ಮೂಗಿನ ಹತ್ತಿರ ಗುಳ್ಳೆ ಕಂಡರೆ, ಬಾಯಿ ತೆರೆದು ಉಸಿರಾಡಿದರೆ ಪಶುವೈದ್ಯರ ಬಳಿಗೆ ಓಡಬೇಕು.

ಪೆಟ್ಟಿಗೆಯ ಮೇಲ್ಭಾಗ ಮುಚ್ಚಲೇಬೇಕೇ ಎಂದು ಕೇಳುವವರಿಗೆ ಚಿಕ್ಕದೊಂದು ಭೌತಶಾಸ್ತ್ರದ ಲೆಕ್ಕ. 25 ಡಿಗ್ರಿ ಉಷ್ಣತೆಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 23 ಗ್ರಾಂ ನೀರಾವಿ ಹಿಡಿಯಬಲ್ಲದು. ಅದೇ ಗಾಳಿ 35 ಡಿಗ್ರಿಗೆ ಕಾದರೆ ಸುಮಾರು 40 ಗ್ರಾಂ ಹಿಡಿಯುವಷ್ಟು ಜಾಗವಾಗುತ್ತದೆ. ಹೊಸ ನೀರು ಎಲ್ಲಿಂದಲೂ ಬರದಿದ್ದರೆ ನೂರಕ್ಕೆ ನೂರು ತೇವವಾಗಿದ್ದ ಗಾಳಿ ಬರೀ ಕಾಯಿಸಿದ್ದರಿಂದಲೇ ಶೇ. 58ಕ್ಕೆ ಇಳಿಯಿತು. ಇನ್ನು ಚಳಿಗಾಲದ ಅಮೆರಿಕದ ಮನೆಗಳ ಮಾತು: ಹೊರಗಿನ ಸೊನ್ನೆ ಡಿಗ್ರಿಯ ಗಾಳಿಯನ್ನು ಒಳಗೆ 22 ಡಿಗ್ರಿಗೆ ಕಾಯಿಸಿದರೆ ತೇವ ಶೇ. 25ರಷ್ಟೇ ಉಳಿಯುತ್ತದೆ. ಇಂಥ ಕೋಣೆಯಲ್ಲಿ ಬಾಯ್ದೆರೆದ ತೊಟ್ಟಿಯಿಟ್ಟು ಮೇಲೆ ದೀಪ ಉರಿಸಿದರೆ ಬಿಸಿಗಾಳಿ ನೀರನ್ನು ಹೊತ್ತು ಸೂರಿಗೇರುತ್ತದೆ. ದಿನಕ್ಕೆ ನಾಲ್ಕು ಸಲ ನೀರು ಚಿಮುಕಿಸಿಯೂ ಪ್ರಯೋಜನವಿಲ್ಲ.

ಬೆಳಕಿನ ವಿಷಯ ಇದಕ್ಕಿಂತ ಸೂಕ್ಷ್ಮ. ಕಿಟಕಿಯ ಪಕ್ಕ ಬಿಸಿಲು ಬೀಳುವಲ್ಲಿ ಮರಿಯನ್ನು ಇಟ್ಟು ಸೂರ್ಯಸ್ನಾನ ಆಯಿತೆಂದು ಸಮಾಧಾನಪಡುವವರು ಬಹಳ. ಆಮೆಯ ಚರ್ಮದಲ್ಲಿ ಕೊಲೆಸ್ಟರಾಲ್ ಕುಟುಂಬದ ಒಂದು ವಸ್ತುವಿದೆ. ಸೂರ್ಯನ ಅತಿನೇರಳೆ ಕಿರಣಗಳಲ್ಲಿ 290ರಿಂದ 315 ನ್ಯಾನೋಮೀಟರ್ ಅಲೆಯುದ್ದದ ಯುವಿಬಿ ಕಿರಣ ತಾಗಿದಾಗ ಅದು ಡಿ3 ವಿಟಮಿನ್ನಿನ ಹಿಂದಿನ ರೂಪವಾಗುತ್ತದೆ. ಮೈಯ ಬಿಸಿಯಿಂದ ಆ ರೂಪ ನಿಧಾನಕ್ಕೆ ನಿಜವಾದ ಡಿ3 ಆಗಿ ಮಾರ್ಪಡುತ್ತದೆ. ಈ ವಿಟಮಿನ್ ಇಲ್ಲದೆ ಕರುಳು ಕ್ಯಾಲ್ಸಿಯಂ ಹೀರಿಕೊಳ್ಳದು. ಕಿಟಕಿಯ ಗಾಜು ಬೆಳಕನ್ನು ಬಿಡುತ್ತದೆ, ಶಾಖವನ್ನು ಬಿಡುತ್ತದೆ, ಯುವಿಬಿಯನ್ನು ಮಾತ್ರ ತಡೆದುಬಿಡುತ್ತದೆ. ಕಣ್ಣಿಗೆ ಕಾಣುವುದೆಲ್ಲ ಸರಿಯಿದ್ದು ಮರಿಯ ಮೂಳೆ ಮೆತ್ತಗಾಗುತ್ತಾ ಹೋಗುತ್ತದೆ. ಎಷ್ಟೋ ಸಲ ಚಿಪ್ಪು ಒತ್ತಿದರೆ ತಗ್ಗುವ ಹಂತಕ್ಕೆ ಬಂದ ಮೇಲೆಯೇ ಮನೆಯವರಿಗೆ ಗೊತ್ತಾಗುವುದು.

ಅದಕ್ಕೆಂದೇ ಯುವಿಬಿ ಸೂಸುವ ಟ್ಯೂಬುಗಳು ಸಿಗುತ್ತವೆ. ಅವುಗಳಲ್ಲೂ ಒಂದು ಮೋಸವಿದೆ: ಆರು ತಿಂಗಳೋ ವರ್ಷವೋ ಕಳೆದ ಮೇಲೆ ಯುವಿಬಿ ಕುಗ್ಗಿಹೋಗಿರುತ್ತದೆ, ಬೆಳಕು ಮಾತ್ರ ಮೊದಲಿನಂತೆಯೇ ಉರಿಯುತ್ತಿರುತ್ತದೆ. ಟ್ಯೂಬು ಹಾಕಿದ ತಾರೀಕನ್ನು ಅದರ ಮೇಲೆಯೇ ಬರೆದಿಡುವುದು ಒಳ್ಳೆಯ ರೂಢಿ. ಶಾಖದ ದೀಪ, ಯುವಿಬಿ ಟ್ಯೂಬು ಎರಡೂ ಒಂದೇ ಜಾಗಕ್ಕೆ ಬೀಳಬೇಕು, ಡಿ3 ತಯಾರಿಗೆ ಎರಡೂ ಬೇಕಲ್ಲ. ಹಿತವಾದ ಬಿಸಿಲಿದ್ದ ದಿನ ಅರ್ಧ ಗಂಟೆ ಹೊರಗೆ ಬಿಟ್ಟರೆ ಯಾವ ಟ್ಯೂಬೂ ಅದಕ್ಕೆ ಸಮನಲ್ಲ. ಬಲೆ ಮುಚ್ಚಿದ ಚೌಕಟ್ಟು, ಒಳಗೆ ನೆರಳು, ಪಕ್ಕದಲ್ಲಿ ಮನುಷ್ಯರ ಕಾವಲು ಇರಬೇಕು. ಗಾಜಿನ ತೊಟ್ಟಿಯನ್ನೇ ಎತ್ತಿ ಬಿಸಿಲಿಗಿಟ್ಟರೆ ಕೆಲವೇ ನಿಮಿಷಗಳಲ್ಲಿ ಮರಿ ಬೆಂದುಹೋಗುತ್ತದೆ.

ನೀರಿಗೆ ಬರೋಣ. ನೆಲದಾಮೆಗಳು ಸಾರಜನಕದ ಕಸವನ್ನು ಯೂರಿಕ್ ಆಮ್ಲವಾಗಿಸಿ ಬಿಳಿ ಕೆನೆಯ ರೂಪದಲ್ಲಿ ಹೊರಹಾಕುತ್ತವೆ. ಹಕ್ಕಿಗಳದ್ದೂ ಇದೇ ಉಪಾಯ. ಇದಕ್ಕೆ ಬಹಳ ಕಡಿಮೆ ನೀರು ಸಾಕು. ಒಣನಾಡಿನ ಆಮೆಗೆ ಮೂತ್ರಕೋಶವೆಂದರೆ ನೀರಿನ ಉಗ್ರಾಣ. ಬೇಕಾದಾಗ ಅಲ್ಲಿಂದ ನೀರನ್ನು ಮರಳಿ ರಕ್ತಕ್ಕೆ ಎಳೆದುಕೊಳ್ಳಬಲ್ಲದು. ಅಮೆರಿಕದ ಮೊಹಾವಿ ಮರುಭೂಮಿಯ ಆಮೆಯನ್ನು ಬೇಸಿಗೆಯಲ್ಲಿ ಕಂಡರೆ ಕೈಯಲ್ಲಿ ಎತ್ತಬೇಡಿರೆಂದು ಅಲ್ಲಿನ ಅಧಿಕಾರಿಗಳು ಪ್ರವಾಸಿಗರಿಗೆ ಹೇಳುವುದು ಇದಕ್ಕೇ. ಹೆದರಿದ ಆಮೆ ಮೂತ್ರ ಬಿಟ್ಟರೆ ಮುಂದಿನ ಮಳೆಯವರೆಗಿನ ನೀರು ಚೆಲ್ಲಿದ ಹಾಗೆ. ಮರಿಯ ಉಗ್ರಾಣ ತೀರಾ ಚಿಕ್ಕದು. ನೀರು ಸಾಲದಿದ್ದರೆ ಬಿಳಿ ಕೆನೆ ಗಟ್ಟಿಯಾಗಿ ಕಲ್ಲಾಗುತ್ತದೆ, ಮೂತ್ರಪಿಂಡ ಕೆಡುತ್ತದೆ. ಮೊದಲ ವರ್ಷ ದಿನಕ್ಕೊಮ್ಮೆ, ಉಗುರುಬೆಚ್ಚಗಿನ ನೀರಿನಲ್ಲಿ 20 ನಿಮಿಷ ಮರಿಯನ್ನು ಕೂರಿಸುವುದು ಹೀಗಾಗಿ ರೂಢಿಗೆ ಬಂದಿದೆ. ನೀರು ಕತ್ತಿನ ಕೆಳಗಿರಬೇಕು, ಆ 20 ನಿಮಿಷ ತಣ್ಣಗಾಗಬಾರದು. ಮರಿ ತಲೆ ಚಾಚಿ ಕುಡಿಯುತ್ತದೆ, ಹೆಚ್ಚಿನ ಸಲ ಅಲ್ಲೇ ಹೊಲಸು ಮಾಡುತ್ತದೆ. ಬಿಳಿ ಕೆನೆ ಮೆತ್ತಗಿದ್ದರೆ ಎಲ್ಲ ಸರಿಯಿದೆ. ಮರಳು ಮರಳಾಗಿದ್ದರೆ ನೀರು ಸಾಲುತ್ತಿಲ್ಲ. ರಕ್ತಪರೀಕ್ಷೆಗಿಂತ ಮೊದಲು ಮನೆಯಲ್ಲೇ ಓದಬಹುದಾದ ವರದಿ ಇದು.

ತಿನ್ನಿಸುವುದು ಜನ ಹೆದರುವಷ್ಟು ಕಷ್ಟವಲ್ಲ. ಸಲ್ಕಾಟಾ ಮೂಲತಃ ಹುಲ್ಲು ಮೇಯುವ ಪ್ರಾಣಿ. ಮರಿಯ ಎಳೆ ಕೊಕ್ಕಿಗೆ ಒರಟು ಹುಲ್ಲು ಕಷ್ಟ, ಎಳೆಯ ಕಳೆಗಿಡಗಳು ಸುಲಭ. ದಾಸವಾಳದ ಹೂ ಮತ್ತು ಎಲೆ, ದ್ರಾಕ್ಷಿ ಎಲೆ, ಮುಳ್ಳು ತೆಗೆದ ಪಾಪಾಸುಕಳ್ಳಿ, ಇವೆಲ್ಲಕ್ಕಿಂತ ಮಿಗಿಲಾಗಿ ಹಿಪ್ಪುನೇರಳೆ ಸೊಪ್ಪು. ರಾಮನಗರ, ಶಿಡ್ಲಘಟ್ಟದ ಕಡೆಯವರು ಹುಳುವಿಗೆ ಹಾಕುವ ಇದೇ ಸೊಪ್ಪಿಗಾಗಿ ಅಮೆರಿಕದ ಆಮೆ ಸಾಕುವವರು ಹಿತ್ತಲಲ್ಲಿ ಮರ ಬೆಳೆಸುತ್ತಾರೆ. ನೋಡಬೇಕಾದ ಅನುಪಾತ ಒಂದೇ: ರಂಜಕಕ್ಕಿಂತ ಕ್ಯಾಲ್ಸಿಯಂ ಕನಿಷ್ಠ ಎರಡು ಪಟ್ಟು ಇರಬೇಕು. ಪಾಲಕ್ ಸೊಪ್ಪು ಈ ಲೆಕ್ಕದಲ್ಲಿ ಪಾಸಾದರೂ ಅದರ ಆಕ್ಸಲೇಟ್ ಕ್ಯಾಲ್ಸಿಯಮ್ಮನ್ನು ಕಟ್ಟಿಹಾಕಿಬಿಡುವುದರಿಂದ ದಿನವೂ ಹಾಕುವಂತಿಲ್ಲ. ಹಣ್ಣು ಬೇಡ, ಹುಲ್ಲನ್ನು ಹುದುಗಿಸಲು ಒಗ್ಗಿದ ಅದರ ದೊಡ್ಡಕರುಳಿನ ಸೂಕ್ಷ್ಮಜೀವಿಗಳು ಸಕ್ಕರೆ ಬಿದ್ದರೆ ಹದ ತಪ್ಪುತ್ತವೆ. ಅನ್ನ, ಬ್ರೆಡ್, ಹಾಲು ಯಾವುದೂ ಅದರ ಊಟವಲ್ಲ. ಕಡಲ ನೊರೆ ಎಂದು ಗ್ರಂದಿಗೆ ಅಂಗಡಿಯಲ್ಲಿ ಸಿಗುತ್ತದಲ್ಲ, ಬೊಂಡಾಸ್ ಜಾತಿಯ ಕಡಲಜೀವಿಯ ಆ ಬಿಳಿ ಒಳಚಿಪ್ಪಿನ ತುಂಡೊಂದನ್ನು ಮೂಲೆಯಲ್ಲಿಟ್ಟರೆ ಮರಿ ತನಗೆ ಬೇಕಾದಷ್ಟು ಕೆರೆದು ತಿನ್ನುತ್ತದೆ.

ತೀರಾ ಎಳೆಯ ಮರಿಯಾದರೆ ಮೊದಲ ಕೆಲವು ದಿನ ಊಟವೂ ಬೇಡ. ಮೂಗಿನ ತುದಿಯ ಪುಟ್ಟ ಮೊಟ್ಟೆಹಲ್ಲಿನಿಂದ ತೂತು ಕೊರೆದ ಮೇಲೂ ಅದು ಒಂದೆರಡು ದಿನ ಮೊಟ್ಟೆಯೊಳಗೇ ಕುಳಿತು ಉಳಿದ ಭಂಡಾರವನ್ನು ಹೊಟ್ಟೆಗೆ ಎಳೆದುಕೊಳ್ಳುತ್ತದೆ. ಹೊರಬಂದಾಗ ಹೊಟ್ಟೆಚಿಪ್ಪಿನ ಅಡ್ಡಕ್ಕೆ ಮಡಚಿದ ಚಪಾತಿಯಂಥ ಗೆರೆ ಇರುತ್ತದೆ. ದುಂಡು ಮೊಟ್ಟೆಯಲ್ಲಿ ಮೈ ಮಡಚಿ ಕೂತದ್ದರ ಗುರುತು. ಕೆಲವೇ ದಿನಗಳಲ್ಲಿ ಅದು ನೆಟ್ಟಗಾಗುತ್ತದೆ.

ಅಂಗಾತ ಬಿದ್ದ ಮರಿಯ ವಿಷಯಕ್ಕೆ ಇಬ್ಬರು ಹಂಗೇರಿಯನ್ನರನ್ನು ನೆನೆಯಬೇಕು. ಗಾಬೊರ್ ಡೊಮೊಕೊಶ್ ಮತ್ತು ಪೀಟರ್ ವಾರ್ಕೊನಿ ಗೊಂಬೊಟ್ಸ್ ಎಂಬ ಘನವಸ್ತುವನ್ನು 2006ರಲ್ಲಿ ರೂಪಿಸಿದರು. ಒಳಗೆ ಭಾರವೇನೂ ಅಡಗಿಸಿರದ, ಒಂದೇ ವಸ್ತುವಿನಿಂದ ಮಾಡಿದ ಈ ಉಬ್ಬುರೂಪ ಹೇಗೆ ಬೀಳಿಸಿದರೂ ಹೊರಳಿ ಒಂದೇ ಭಂಗಿಗೆ ಬಂದು ನಿಲ್ಲುತ್ತದೆ. ಆಮೇಲೆ ಅವರು ಬುಡಾಪೆಸ್ಟ್‌ನಲ್ಲಿ ಆಮೆಗಳ ಚಿಪ್ಪು ಅಳೆಯುತ್ತಾ ಹೋದರು. ಗೊಂಬೊಟ್ಸ್‌ಗೆ ತುಂಬ ಹತ್ತಿರ ಬಂದದ್ದು ನಮ್ಮ ನಕ್ಷತ್ರ ಆಮೆಯ ಎತ್ತರದ ಗುಮ್ಮಟ. ಕಾಲು ಸ್ವಲ್ಪ ಆಡಿಸಿದರೆ ಅದು ತಾನಾಗಿಯೇ ಮಗುಚಿಕೊಳ್ಳುತ್ತದೆ. ಸಲ್ಕಾಟಾದ ಚಿಪ್ಪು ಅದಕ್ಕಿಂತ ಚಪ್ಪಟೆ. ಅದು ಕತ್ತು, ಕಾಲು ಊರಿ ಹೆಣಗಬೇಕು. ದೀಪದ ಕೆಳಗೆ, ನುಣುಪಾದ ನೆಲದ ಮೇಲೆ ಅಂಗಾತ ಬಿದ್ದ ಮರಿ ಹೊರಳಲಾಗದೆ ಬಿಸಿಯಿಂದಲೇ ಸಾಯಬಹುದು. ಪೆಟ್ಟಿಗೆಯ ಹಾಸು ಒರಟಾಗಿರಲಿ, ಅಲ್ಲಲ್ಲಿ ಹಿಡಿತಕ್ಕೆ ಗಿಡಬಳ್ಳಿ ಇರಲಿ ಎನ್ನುವುದು ಅಲಂಕಾರಕ್ಕಲ್ಲ.

ಇಷ್ಟೆಲ್ಲ ಮಾಡಿಯೂ ಕೆಲವು ಮರಿಗಳು ಬೆಳೆಯುವುದಿಲ್ಲ. ತಿನ್ನುವುದು ಕಡಿಮೆಯಾಗುತ್ತದೆ, ತೂಕ ನಿಲ್ಲುತ್ತದೆ, ಕೆಲವು ತಿಂಗಳಲ್ಲಿ ಸತ್ತುಹೋಗುತ್ತವೆ. ತಂದವರು ತಮ್ಮನ್ನೇ ಹಳಿದುಕೊಳ್ಳುತ್ತಾರೆ. ಎಷ್ಟೋ ಸಲ ಕೆಟ್ಟದ್ದು ಅವರ ಮನೆಗೆ ಬರುವ ಮೊದಲೇ ಕೆಟ್ಟಿರುತ್ತದೆ: ಮೊಟ್ಟೆ ಒಡೆದ ಮೊದಲ ವಾರಗಳಲ್ಲಿ ಮಾರುವವನು ಮರಿಗಳನ್ನು ಒಣ ತಟ್ಟೆಯಲ್ಲಿ, ಅಪರೂಪಕ್ಕೊಮ್ಮೆ ನೀರು ತೋರಿಸಿ ಇಟ್ಟಿದ್ದರೆ ಮೂತ್ರಪಿಂಡಕ್ಕೆ ಆದ ಹಾನಿ ಮತ್ತೆ ಸರಿಹೋಗದು. ನನ್ನ ಮಟ್ಟಿಗೆ ಆಮೆಮರಿಯ ಆರೈಕೆಯ ಅತಿಮುಖ್ಯ ಭಾಗ ಕೊಳ್ಳುವ ಮುನ್ನ ಕೇಳುವ ಪ್ರಶ್ನೆಗಳಲ್ಲಿದೆ. ಹುಟ್ಟಿ ಎಷ್ಟು ವಾರವಾಯಿತು, ಯಾವುದರ ಮೇಲೆ ಇಟ್ಟಿದ್ದಿರಿ, ದಿನವೂ ನೀರಿಗೆ ಬಿಟ್ಟಿರಾ, ತೂಕ ಬರೆದಿಟ್ಟಿದ್ದೀರಾ? ಉತ್ತರಿಸಲು ತಡವರಿಸುವವನಿಂದ ಕೊಳ್ಳದಿರುವುದು ಮೇಲು. ಮನೆಗೆ ತಂದ ಮೇಲೂ ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆಯಬೇಕು. ಕಣ್ಣಿಗೆ ಕಾಣುವ ಮೊದಲೇ ಕಾಯಿಲೆ ಗ್ರಾಂಗಳಲ್ಲಿ ಕಾಣುತ್ತದೆ.

ಇಲ್ಲಿ ಕಾನೂನಿನ ಒಂದು ವಿಚಿತ್ರವೂ ಇದೆ. ಆಮೆಗಳ ಮೈಮೇಲೆ, ಮಲದಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಸಾಮಾನ್ಯ. ಅಮೆರಿಕದಲ್ಲಿ ಚಿಕ್ಕ ಮಕ್ಕಳು ಪುಟಾಣಿ ಆಮೆಗಳನ್ನು ಬಾಯಿಗಿಟ್ಟುಕೊಂಡು ಕಾಯಿಲೆ ಬೀಳುವುದು ಹೆಚ್ಚಾದಾಗ 1975ರಲ್ಲಿ ಅಲ್ಲಿನ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ 4 ಇಂಚಿಗಿಂತ ಚಿಕ್ಕ ಚಿಪ್ಪಿನ ಆಮೆಗಳ ಮಾರಾಟ ನಿಷೇಧಿಸಿತು. ಬಾಯಿಗೆ ಹಿಡಿಸದಷ್ಟು ದೊಡ್ಡದಿರಲಿ ಎಂಬುದು ಆ ಅಳತೆಯ ತರ್ಕ. ಸಲ್ಕಾಟಾ ಮರಿ ಎರಡೇ ಇಂಚು. ಶಿಕ್ಷಣ, ಸಂಶೋಧನೆಗೆಂದು ಇರುವ ವಿನಾಯಿತಿಯ ಸಂದಿನಲ್ಲಿ ಮಾರಾಟ ನಡೆದೇ ಇದೆ. ನಿಯಮದ ವಿಷಯ ಏನೇ ಇರಲಿ, ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು, ಅಡುಗೆಯ ಸಿಂಕಿನಲ್ಲಿ ಸ್ನಾನ ಮಾಡಿಸಬಾರದು, ಐದು ವರ್ಷದೊಳಗಿನ ಮಕ್ಕಳಿರುವ ಮನೆಗೆ ಆಮೆಮರಿ ತರದಿರುವುದೇ ಒಳ್ಳೆಯದು. ತಕ್ಕಡಿಗೂ ಬೇರೆಯದೇ ತಟ್ಟೆ ಬೇಕು.

ಮೇಲಿನದೆಲ್ಲ ಸಲ್ಕಾಟಾದ ಲೆಕ್ಕ. ಬ್ರಿಟನ್ನಿನಲ್ಲಿ ಹೆಚ್ಚು ಸಾಕುವ ಹರ್ಮನ್ ಆಮೆ ಚಳಿಗಾಲದಲ್ಲಿ ತಿಂಗಳುಗಟ್ಟಲೆ ನಿದ್ರಿಸುತ್ತದೆ. ಸಲ್ಕಾಟಾವನ್ನು ಹಾಗೆ ಮಲಗಿಸಿದರೆ ಮತ್ತೆ ಏಳದು. ದಕ್ಷಿಣ ಅಮೆರಿಕದ ಕೆಂಪುಕಾಲಿನ ಆಮೆಗೆ ಹಣ್ಣು ಸಹಜ ಆಹಾರ. ಎರಡು ಜಾತಿಗಳನ್ನು ಒಂದೇ ಪೆಟ್ಟಿಗೆಯಲ್ಲಿಡುವುದಂತೂ ಅಪಾಯ. ಒಂದು ಜಾತಿ ಮೈಯೊಳಗೆ ಹೊತ್ತು ಆರಾಮಾಗಿ ತಿರುಗುವ ಹರ್ಪಿಸ್ ವೈರಸ್ ಇನ್ನೊಂದನ್ನು ಕೊಲ್ಲಬಲ್ಲದು.

ಚೆನ್ನಾಗಿ ಸಾಕಿದ ಮರಿ ಬೆಳೆಯುತ್ತದೆ. ಅರಿಜೋನಾದ ಬಹಳಷ್ಟು ಮನೆಗಳಿಗೆ ಈ ಸುದ್ದಿ ತಡವಾಗಿ ತಲಪುತ್ತದೆ. ಕೆಲವೇ ವರ್ಷಗಳಲ್ಲಿ ಪೆಟ್ಟಿಗೆ ಸಾಲದು, ಕೋಣೆ ಸಾಲದು, ಹಿತ್ತಲಿನ ಬೇಲಿ ಉರುಳುತ್ತದೆ. ಬಿಲ ತೋಡುವ ಬುದ್ಧಿ ಹಾಗೇ ಉಳಿದಿರುವುದರಿಂದ ಪಾಯದ ಕೆಳಗೂ ಸುರಂಗ ಇಳಿಯುತ್ತದೆ. ಫೀನಿಕ್ಸ್ ಕಡೆಯ ಸರೀಸೃಪ ಆಶ್ರಯಧಾಮದಂಥ ಸಂಸ್ಥೆಗಳಲ್ಲಿ ಬಿಟ್ಟುಹೋದ ಸಲ್ಕಾಟಾಗಳ ಸಾಲು ಮುಗಿಯುವುದೇ ಇಲ್ಲ. ಮರುಭೂಮಿಯಲ್ಲೇ ಬಿಟ್ಟುಬಿಡೋಣವೆಂದರೆ ಅದಕ್ಕಿಂತ ಕೆಟ್ಟ ದಾರಿ ಇನ್ನೊಂದಿಲ್ಲ. ಮನೆಯಲ್ಲಿ ಸಾಕಿದ ಆಮೆಗಳನ್ನು ಮೊಹಾವಿಯಲ್ಲಿ ಬಿಟ್ಟವರಿಂದ ಅಲ್ಲಿನ ಕಾಡು ಆಮೆಗಳಿಗೆ ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾದಿಂದ ಬರುವ ಶ್ವಾಸರೋಗ ಹಬ್ಬಿತೆಂಬ ಶಂಕೆಯಿದೆ. 1990ರಲ್ಲಿ ಅವನ್ನು ಅಪಾಯಕ್ಕೊಳಗಾದ ಜೀವಿಗಳ ಪಟ್ಟಿಗೆ ಸೇರಿಸಿದ್ದಕ್ಕೆ ಕೊಟ್ಟ ಕಾರಣಗಳಲ್ಲಿ ಈ ರೋಗವೂ ಒಂದು.

ಇನ್ನು ನಮ್ಮ ನಕ್ಷತ್ರ ಆಮೆ. ಗುಜರಾತ್, ರಾಜಸ್ಥಾನದ ಒಣಭೂಮಿ, ಆಂಧ್ರ, ತಮಿಳುನಾಡು ಮತ್ತು ಕರ್ನಾಟಕದ ಪೂರ್ವಭಾಗದ ಕುರುಚಲು ಕಾಡು, ಶ್ರೀಲಂಕಾ ಇದರ ನೆಲೆ. ಮರಿಯ ಬೆನ್ನ ಮೇಲೆ ನಕ್ಷತ್ರ ಪೂರ್ತಿ ಮೂಡಿರುವುದಿಲ್ಲ. ಒಂದೊಂದು ಫಲಕದಲ್ಲೂ ಅಗಲವಾದ ಹಳದಿ ಗುರುತು ಮಾತ್ರ. ಅಂಚಿನಲ್ಲಿ ಕಪ್ಪು, ಹಳದಿ ಕೆರಾಟಿನ್ ಸೇರುತ್ತಾ ಹೋದಂತೆ ಆ ಗುರುತು ಕಿರಣಗಳಾಗಿ ಒಡೆದು ಹರಡುತ್ತದೆ. ಕಾಡಿನಲ್ಲೂ ಇದರ ಫಲಕಗಳು ಕೊಂಚ ಉಬ್ಬಿರುವುದು ಸಹಜ. ಅಂದವೇ ಇದಕ್ಕೆ ಮುಳುವಾಯಿತು, ಜೊತೆಗೆ ಮನೆಯಲ್ಲಿಟ್ಟರೆ ಅದೃಷ್ಟ ಬರುತ್ತದೆಂಬ ನಂಬಿಕೆಯೂ. ಆಂಧ್ರಪ್ರದೇಶದ ಒಂದೇ ಒಂದು ವ್ಯಾಪಾರ ಕೇಂದ್ರದ ಸುತ್ತ ವರ್ಷಕ್ಕೆ ಕನಿಷ್ಠ 55,000 ನಕ್ಷತ್ರ ಆಮೆಗಳನ್ನು ಹಿಡಿಯಲಾಗುತ್ತಿದೆ ಎಂದು 2015ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿತು. ಅವುಗಳಲ್ಲಿ ಮರಿಗಳೇ ಹೆಚ್ಚು, ಸೂಟ್‌ಕೇಸಿನಲ್ಲಿ ಹೆಚ್ಚು ಹಿಡಿಯುತ್ತವೆ. 2019ರಲ್ಲಿ ಜಿನೀವಾದಲ್ಲಿ ವನ್ಯಜೀವಿ ವ್ಯಾಪಾರದ ಬಗ್ಗೆ ನಡೆದ ಸಮಾವೇಶದಲ್ಲಿ ಇದರ ಅಂತರರಾಷ್ಟ್ರೀಯ ವಾಣಿಜ್ಯ ವ್ಯಾಪಾರವನ್ನು ನಿಷೇಧಿಸಲಾಯಿತು.

ಯಾರೋ ಉಡುಗೊರೆ ಕೊಟ್ಟರೆಂದೋ ರಸ್ತೆಬದಿ ಸಿಕ್ಕಿತೆಂದೋ ನಕ್ಷತ್ರ ಆಮೆಯ ಮರಿ ಕೈಗೆ ಬಂದರೆ ಅರಣ್ಯ ಇಲಾಖೆಗೆ ತಿಳಿಸಿ ಒಪ್ಪಿಸಬೇಕು. ಇಲಾಖೆಯವರು ಬರುವವರೆಗೆ ಗಾಳಿಯಾಡುವ ರಟ್ಟಿನ ಪೆಟ್ಟಿಗೆ, ಒಳಗೆ ತೇವದ ಬಟ್ಟೆ, ತಗ್ಗು ತಟ್ಟೆಯಲ್ಲಿ ನೀರು ಸಾಕು. ಊರ ಕೆರೆಗೋ ದೇವಸ್ಥಾನದ ಕಲ್ಯಾಣಿಗೋ ಬಿಟ್ಟು ಪುಣ್ಯ ಕಟ್ಟಿಕೊಳ್ಳಲು ಹೋಗುವವರಿದ್ದಾರೆ. ನೆಲದಾಮೆಗೆ ಈಜು ಬಾರದು, ಮುಳುಗಿ ಸಾಯುತ್ತದೆ. ಹತ್ತಿರದ ಗುಡ್ಡಕ್ಕೆ ಬಿಡುವುದೂ ಸಲ್ಲ. ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ನಡೆಸಿದ ಡಿಎನ್‌ಎ ಅಧ್ಯಯನ ಬೇರೆಬೇರೆ ಪ್ರದೇಶದ ನಕ್ಷತ್ರ ಆಮೆಗಳ ನಡುವೆ ವಂಶವಾಹಿಯ ವ್ಯತ್ಯಾಸ ಇದೆಯೆಂದು ತೋರಿಸಿದೆ; ಎಲ್ಲಿಯದೋ ಮರಿಯನ್ನು ಇನ್ನೆಲ್ಲೋ ಬಿಟ್ಟರೆ ಆ ವ್ಯತ್ಯಾಸ ಕಲಸಿಹೋಗುತ್ತದೆ. ಸಿಂಗಪುರದಲ್ಲಿ ಸಿಕ್ಕಿಬಿದ್ದ 51 ನಕ್ಷತ್ರ ಆಮೆಗಳು 2018ರ ನವೆಂಬರಿನಲ್ಲಿ ವಿಮಾನದಲ್ಲಿ ಬೆಂಗಳೂರಿಗೆ ಮರಳಿದಾಗಲೂ ಅವನ್ನು ನೇರ ಕಾಡಿಗೆ ಒಯ್ಯಲಿಲ್ಲ. ಮೊದಲು ಪ್ರತ್ಯೇಕವಾಗಿಟ್ಟು ತಪಾಸಣೆ, ಆಮೇಲೆ ಬೇಲಿ ಹಾಕಿದ ಕುರುಚಲು ನೆಲದಲ್ಲಿ ಮೇವು ಹುಡುಕುವ ಅಭ್ಯಾಸ, ಬಿಡುಗಡೆಯ ಮಾತು ಅದರ ನಂತರ ಎಂಬುದು ಕರ್ನಾಟಕದ ಅರಣ್ಯ ಇಲಾಖೆ ಮತ್ತು ಜೊತೆಗಿದ್ದ ಸಂಸ್ಥೆಗಳು ಹಾಕಿಕೊಂಡ ಕ್ರಮವಾಗಿತ್ತು.